ತಪಾಸಣೆ ಹಾಸಿಗೆಯ ಪಕ್ಕಕ್ಕೆ ಬರಲಿ



ಮನೆಯಲ್ಲೇ ಆರೈಕೆ ಪಡೆಯುವವರು ಎಷ್ಟು ಸುರಕ್ಷಿತರು, ಆ ಆರೈಕೆಯ ಗುಣಮಟ್ಟವನ್ನು ಅಳೆಯುವುದು ಹೇಗೆ ಎಂಬುದು ಈ ವಿಚಾರ ಸಂಕಿರಣದ ವಿಷಯ. ಪ್ರಬಂಧ ಮಂಡಿಸುವವರು ಅದರ ಹಲವು ಮುಖಗಳನ್ನು ಬಿಡಿಸಿ ಹೇಳುತ್ತಾರೆ. ನಾನು ಒಂದೇ ಮಾತನ್ನು ಹಿಡಿದುಕೊಳ್ಳುತ್ತೇನೆ. ಇವತ್ತು ನಮ್ಮಲ್ಲಿ ತಪಾಸಣೆ ಎಂಬುದು ಏನಾದರೂ ನಡೆಯುತ್ತಿದ್ದರೆ ಅದು ಹೋಂ ನರ್ಸ್‌ಗಳನ್ನು ಕಳಿಸುವ ಏಜೆನ್ಸಿಯ ಕಚೇರಿಯಲ್ಲಿ, ಕಾಗದದ ಮೇಲೆ ಮುಗಿದುಹೋಗುತ್ತಿದೆ. ಅದು ರೋಗಿಯ ಹಾಸಿಗೆಯ ಪಕ್ಕಕ್ಕೆ ಬರಬೇಕು.

2011ರ ಜನಗಣತಿಯ ಹೊತ್ತಿಗೇ ದೇಶದಲ್ಲಿ ಶೇ. 8.6ರಷ್ಟು ಜನ 60 ದಾಟಿದವರಿದ್ದರು. ಕರ್ನಾಟಕದಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು, ಶೇ. 9.5. ಮಕ್ಕಳು ದೂರದಲ್ಲಿದ್ದಾರೆ, ಆಸ್ಪತ್ರೆಗಳು ಹಾಸಿಗೆ ಖಾಲಿ ಮಾಡಿಸುವ ಅವಸರದಲ್ಲಿವೆ. ಬೆಂಗಳೂರಿನ ಯಾವುದೇ ಬಡಾವಣೆಯಲ್ಲಿ ನಡೆಯುವ ಸಂಗತಿ ನೋಡಿ. ಪಾರ್ಶ್ವವಾಯು ಹೊಡೆದ ತಂದೆಯನ್ನು ಮನೆಗೆ ಕರೆತಂದಿದ್ದಾರೆ. ಆಹಾರಕ್ಕೆ ಮೂಗಿನಲ್ಲಿ ರೈಲ್ಸ್ ಟ್ಯೂಬ್, ಮೂತ್ರಕ್ಕೆ ಕ್ಯಾಥೆಟರ್, ಕೈಯಲ್ಲಿ ಡಿಸ್ಚಾರ್ಜ್ ಸಮ್ಮರಿ. ಸಂಜೆಯೊಳಗೆ ಮಗಳು ಏಜೆನ್ಸಿಗೆ ಫೋನ್ ಮಾಡುತ್ತಾಳೆ. ತಿಂಗಳಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಪೊಲೀಸ್ ವೆರಿಫಿಕೇಶನ್ ಆಗಿದೆಯೆ, ರಜೆ ಹಾಕಿದರೆ ಬದಲಿ ಕಳಿಸುತ್ತೀರಾ? ಇಷ್ಟೇ ಅವಳು ಕೇಳುವುದು. ಟ್ಯೂಬಿನಲ್ಲಿ ಆಹಾರ ಕೊಡುವುದನ್ನು ಏಜೆನ್ಸಿ ಕಳಿಸುವ ಹುಡುಗಿ ಎಲ್ಲಿ ಕಲಿತಳು, ಅವಳು ಕೊಡುವುದನ್ನು ನೋಡಿ ಸರಿ ಎಂದವರು ಯಾರು ಎಂದು ಕೇಳಬೇಕೆಂಬುದನ್ನು ಮಗಳಿಗೆ ಯಾರೂ ಹೇಳಿಕೊಟ್ಟಿಲ್ಲ. ಪೊಲೀಸ್ ವೆರಿಫಿಕೇಶನ್ ಬೇಕು, ಬೇಡವೆನ್ನುವುದಿಲ್ಲ. ಆದರೆ ಅದು ಬೀರುವನ್ನು ಕಾಯುತ್ತದೆಯೇ ಹೊರತು ರೋಗಿಯ ಶ್ವಾಸಕೋಶವನ್ನು ಕಾಯುವುದಿಲ್ಲ. ತಲೆಯ ಕಡೆಯನ್ನು 30ರಿಂದ 45 ಡಿಗ್ರಿ ಎತ್ತರಿಸದೆ, ಟ್ಯೂಬ್ ಸರಿದಿದೆಯೆ ಎಂದು ನೋಡದೆ ಗಂಜಿ ಇಳಿಸಿದರೆ ಅದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು. ಇಂಥದ್ದು ಯಾವ ಠಾಣೆಯ ದಾಖಲೆಯಲ್ಲೂ ಸಿಗುವುದಿಲ್ಲ.

ಇನ್ಸುಲಿನ್ ವಿಷಯವನ್ನೂ ಹತ್ತಿರದಿಂದ ನೋಡೋಣ. ನಮ್ಮ ದೇಶದಲ್ಲಿ ಮಿ.ಲೀ.ಗೆ 40 ಯೂನಿಟ್ ಇರುವ ಬಾಟಲಿಗಳೂ ಸಿಗುತ್ತವೆ, 100 ಯೂನಿಟ್ ಇರುವ ಔಷಧಿಯೂ ಸಿಗುತ್ತದೆ. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜ್, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ಮೆಡಿಕಲ್ ಶಾಪಿನಲ್ಲಿ ಬಾಟಲಿ ಬದಲಾಗಿ ಸಿರಿಂಜ್ ಹಳೆಯದೇ ಉಳಿದರೆ, ಕೆಂಪು ಸಿರಿಂಜಿನ 10ರ ಗೆರೆಯವರೆಗೆ ಎಳೆದ ಔಷಧಿ 25 ಯೂನಿಟ್ ಆಗುತ್ತದೆ. ಎರಡೂವರೆ ಪಟ್ಟು. ಹೋಂ ನರ್ಸ್ ಚೀಟಿಯಲ್ಲಿದ್ದಂತೆಯೇ 10 ಕೊಟ್ಟಿರುತ್ತಾಳೆ, ಪುಸ್ತಕದಲ್ಲಿ 10 ಎಂದೇ ಬರೆದಿರುತ್ತಾಳೆ. ಕಚೇರಿಯಲ್ಲಿ ಕೂತು ಆ ಪುಸ್ತಕ ನೋಡಿದವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಗೊತ್ತಾಗಬೇಕಾದರೆ ಯಾರಾದರೂ ಆ ಮನೆಗೆ ಹೋಗಿ ಫ್ರಿಜ್ ತೆಗೆದು ಬಾಟಲಿಯನ್ನೂ ಸಿರಿಂಜನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಪುಸ್ತಕದ ಮಾತು ಬಂತು. ಮನೆಗಳಲ್ಲಿ ಇಡುವ ಆ ಲಾಗ್‌ಬುಕ್‌ಗಳನ್ನು ತಿರುವಿದವರಿಗೆ ಗೊತ್ತು: ವಾರವಿಡೀ ಬಿ.ಪಿ. 120/80, ಒಂದೇ ಪೆನ್ನು, ಒಂದೇ ಒತ್ತು, ಒಂದೇ ಕೂರಿಕೆಯಲ್ಲಿ ಬರೆದಂಥ ಅಕ್ಷರ. ಬರೆದವಳನ್ನು ಬೈದು ಪ್ರಯೋಜನವಿಲ್ಲ. ಆ ಅಂಕಿಗಳನ್ನು ಓದಿ ಮರುಪ್ರಶ್ನೆ ಕೇಳುವವರು ಇದ್ದಾರೆ ಎಂಬ ನಂಬಿಕೆ ಅವಳಿಗೆ ಎಂದೂ ಬಂದಿಲ್ಲ.

ಆರೈಕೆಯ ನಿಜವಾದ ದಾಖಲೆ ರೋಗಿಯ ಮೈಮೇಲಿರುತ್ತದೆ. ಹೊದಿಕೆ ಸರಿಸಿ, ಮಗ್ಗುಲಾಗಿಸಿ, ಬೆನ್ನಿನ ಕೆಳತುದಿಯ ಮೂಳೆಯ ಮೇಲಿನ ಚರ್ಮವನ್ನೂ ಹಿಮ್ಮಡಿಗಳನ್ನೂ ನೋಡಬೇಕು. ಕೆಂಪಗಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಚಿಕೊಳ್ಳದೆ ಕೆಂಪಗೇ ಉಳಿದರೆ ಬೆಡ್‌ಸೋರ್ ಶುರುವಾಗಿದೆ ಎಂದರ್ಥ. ಕಪ್ಪು ಚರ್ಮದಲ್ಲಿ ಈ ಕೆಂಪು ಸುಲಭವಾಗಿ ಕಾಣುವುದಿಲ್ಲ. ಮುಟ್ಟಿ ನೋಡಬೇಕು, ಅಲ್ಲಿ ಬಿಸಿ ಅಥವಾ ಗಡಸು ತಿಳಿಯುತ್ತದೆ. ಮೂತ್ರದ ಚೀಲ ನೆಲಕ್ಕೆ ತಾಗಿದೆಯೆ? ತುಟಿ ಒಣಗಿದೆಯೆ? ತಿಂಗಳ ಹಿಂದಿನ ತೂಕಕ್ಕೂ ಈಗಿನದಕ್ಕೂ ಎಷ್ಟು ಅಂತರ? ಇದಕ್ಕೆಲ್ಲ ದುಬಾರಿ ಯಂತ್ರ ಬೇಡ. ತಿಳಿದ ನರ್ಸ್ ಒಬ್ಬರ ಅರ್ಧ ಗಂಟೆ ಸಾಕು. ಅನೇಕ ಮನೆಗಳಲ್ಲಿ ಈಗ ಸಿ.ಸಿ. ಕ್ಯಾಮೆರಾ ಹಾಕಿಸುತ್ತಾರೆ. ವಿದೇಶದಲ್ಲಿರುವ ಮಕ್ಕಳ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಕ್ಯಾಮೆರಾ ಹೊದಿಕೆಯ ಕೆಳಗಿರುವುದನ್ನು ನೋಡಲಾರದು. ಸ್ನಾನ ಮಾಡಿಸುವಾಗ, ಡಯಾಪರ್ ಬದಲಿಸುವಾಗ ತಾಯಿಯ ಮಾನವನ್ನೂ ಅದು ಕಾಯುವುದಿಲ್ಲ.

ಕಾನೂನು ಏನು ಹೇಳುತ್ತದೆ? ನಮ್ಮ ರಾಜ್ಯದಲ್ಲಿ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ ಇದೆ. ಅದರ ಕಣ್ಣಿರುವುದು ಆಸ್ಪತ್ರೆ, ಕ್ಲಿನಿಕ್, ಲ್ಯಾಬ್‌ಗಳ ಮೇಲೆ. ಅಂದರೆ ಒಂದು ಕಟ್ಟಡದ ಮೇಲೆ. ಆರೈಕೆ ಒಬ್ಬೊಬ್ಬರ ಮಲಗುವ ಕೋಣೆಯಲ್ಲಿ ಹಂಚಿಹೋದಾಗ ಇನ್‌ಸ್ಪೆಕ್ಷನ್ ಎಲ್ಲಿಗೆ ಹೋಗಬೇಕು? ಹಿರಿಯ ನಾಗರಿಕರ ಪೋಷಣೆಯ 2007ರ ಕೇಂದ್ರ ಕಾಯಿದೆಗೆ 2019ರ ಡಿಸೆಂಬರಿನಲ್ಲಿ ಲೋಕಸಭೆಯಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಮನೆ ಆರೈಕೆ ಸಂಸ್ಥೆಗಳ ನೋಂದಣಿಯ ಪ್ರಸ್ತಾಪವಿತ್ತು. ಅದು ಕಾಯಿದೆಯಾಗಲಿಲ್ಲ. ಈಗ ಕೆಟ್ಟ ಆರೈಕೆಯಿಂದ ನೊಂದ ಮನೆಯವರು ಗ್ರಾಹಕರ ಆಯೋಗಕ್ಕೆ ಹೋಗಬಹುದು, ಆದರೆ ಅದು ಹಾನಿ ಆದ ಮೇಲಿನ ದಾರಿ. ಹಿರಿಯರಿಗಾಗಿ ಬೆಂಗಳೂರಿನಲ್ಲಿ 1090, ದೇಶಕ್ಕೆಲ್ಲ 14567 ಎಂಬ ಸಹಾಯವಾಣಿಗಳಿವೆ. ಮಾತೇ ನಿಂತುಹೋದ, ನೆನಪು ಮಸುಕಾದ ವ್ಯಕ್ತಿ ಯಾವ ನಂಬರಿಗೆ ಫೋನ್ ಮಾಡಿಯಾರು?

ಮನೆಯೊಳಗೆ ಹೋಗಿ ಪರಿಶೀಲಿಸುವುದು ನಮ್ಮಲ್ಲಿ ಆಗದ ಕೆಲಸ ಎನ್ನುವವರಿಗೆ ನಮ್ಮ ಆಶಾ ಕಾರ್ಯಕರ್ತೆಯರನ್ನು ತೋರಿಸುತ್ತೇನೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮನೆಗೆ ಅವರು 3, 7, 14, 21, 28 ಮತ್ತು 42ನೇ ದಿನ ಹೋಗಬೇಕೆಂಬ ನಿಯಮವಿದೆ. ಜೋಳಿಗೆ ತಕ್ಕಡಿಯಲ್ಲಿ ತೂಕ ನೋಡುತ್ತಾರೆ, ಜ್ವರ ನೋಡುತ್ತಾರೆ, ಉಸಿರು ಎಣಿಸುತ್ತಾರೆ, ಫಾರಂ ತುಂಬುತ್ತಾರೆ. ಹಸುಗೂಸಿಗೆ ಕಟ್ಟಿದ ಈ ವ್ಯವಸ್ಥೆಯನ್ನು ಹಾಸಿಗೆ ಹಿಡಿದ ಅಜ್ಜಿಗೂ ಕಟ್ಟಬಹುದು. ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನಲ್ಲಿ ಶುರುವಾದ ಉಪಶಾಮಕ (ಪ್ಯಾಲಿಯೇಟಿವ್) ಆರೈಕೆಯ ಕೆಲಸ 2008ರಲ್ಲಿ ರಾಜ್ಯದ ನೀತಿಯೇ ಆಯಿತು. ಸ್ಥಳೀಯ ಸಂಸ್ಥೆಗಳ ನೆರವಿನಿಂದ ನರ್ಸ್ ಮನೆಮನೆಗೆ ಹೋಗುತ್ತಾರೆ. ಅಲ್ಲಿ ನೆರೆಹೊರೆಯ ಸ್ವಯಂಸೇವಕರಿಗೂ ಆ ಮನೆಯ ಪರಿಸ್ಥಿತಿ ಗೊತ್ತಿರುತ್ತದೆ. ಏಜೆನ್ಸಿಯನ್ನು ಬಿಟ್ಟು ಇನ್ನೊಬ್ಬರ ಕಣ್ಣು ಆ ಹಾಸಿಗೆಯ ಮೇಲೆ ಬೀಳುತ್ತದೆ ಎಂಬುದೇ ಅದರ ಬಲ.

ಕೊನೆಯದಾಗಿ, ಹೋಂ ನರ್ಸ್‌ಗಳ ಮಾತು. ನನ್ನ ದೃಷ್ಟಿಯಲ್ಲಿ ಇದೇ ಮೊದಲನೆಯದಾಗಬೇಕಿತ್ತು. ನಮ್ಮ ಊರಿನಲ್ಲಿ ‘24 ಗಂಟೆ ಡ್ಯೂಟಿ’ ಎಂಬುದನ್ನು ಸಲೀಸಾಗಿ ಹೇಳುತ್ತೇವೆ. ಹಾಸಿಗೆ ಹಿಡಿದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನಾವೇ ಪಾಠ ಮಾಡುತ್ತೇವೆ. ಹಗಲೂ ರಾತ್ರಿ ಅದೇ ಹೆಣ್ಣುಮಗಳು ಇದನ್ನು ಮಾಡಬೇಕಾದರೆ ಅವಳು ನಿದ್ದೆ ಮಾಡುವುದು ಯಾವಾಗ? ಚಾಮರಾಜನಗರದಿಂದಲೋ ರಾಯಚೂರಿನಿಂದಲೋ ಬಂದು, ರೋಗಿಯ ಮಂಚದ ಪಕ್ಕ ನೆಲದಲ್ಲಿ ಚಾಪೆ ಹಾಸಿಕೊಂಡು ಮಲಗುವವಳು ಅವಳು. ಮನೆಯವರು ಕೊಡುವ ಹಣದಲ್ಲಿ ಅವಳ ಕೈಸೇರುವುದು ಎಷ್ಟೆಂದು ಮನೆಯವರಿಗೇ ಗೊತ್ತಿರುವುದಿಲ್ಲ. 2013ರ ಲೈಂಗಿಕ ಕಿರುಕುಳ ತಡೆ ಕಾಯಿದೆ ಮನೆಯನ್ನೂ ಕೆಲಸದ ಸ್ಥಳವೆಂದು ಒಪ್ಪಿದೆ. ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು ಎಂಬುದನ್ನು ಅವಳಿಗೆ ಎಷ್ಟು ಏಜೆನ್ಸಿಗಳು ಹೇಳಿವೆ? ನಿದ್ದೆಗೆಟ್ಟವಳ ಕೈಯಲ್ಲಿ ಔಷಧಿ ಅದಲುಬದಲಾಗುತ್ತದೆ, ಮಾತು ಒರಟಾಗುತ್ತದೆ, ರೋಗಿ ಬೀಳುತ್ತಾನೆ. ಅವಳ ನಿದ್ದೆಯ ಗಂಟೆಗಳನ್ನು ಎಣಿಸದ ತಪಾಸಣಾ ಪಟ್ಟಿಯನ್ನು ನಾನು ಸುರಕ್ಷತೆಯ ಪಟ್ಟಿ ಎಂದು ಒಪ್ಪುವುದಿಲ್ಲ.

ಆದ್ದರಿಂದ ಸಂಕಿರಣದ ಮುಂದೆ ನನ್ನ ಬೇಡಿಕೆ ಇಷ್ಟು. ಸಾಮಾನ್ಯರೂ ಓದಬಲ್ಲ ಕನ್ನಡದಲ್ಲಿ, ಒಂದೇ ಪುಟದ, ಮನೆಯವರ ಕೈಗೆ ಕೊಡಬಹುದಾದ ತಪಾಸಣಾ ಹಾಳೆಯೊಂದನ್ನು ಇಲ್ಲಿಂದ ಏಳುವ ಮೊದಲು ಸಿದ್ಧಪಡಿಸೋಣ. ತಿಂಗಳಿಗೊಮ್ಮೆ ಏಜೆನ್ಸಿಗೆ ಸಂಬಂಧವಿಲ್ಲದ ನರ್ಸ್ ಒಬ್ಬರು ಮನೆಗೆ ಭೇಟಿ ಕೊಡುವ ವ್ಯವಸ್ಥೆಗೆ ಖರ್ಚು ಯಾರದು, ಅಧಿಕಾರ ಯಾರದು ಎಂಬುದನ್ನು ಆರೋಗ್ಯ ಇಲಾಖೆಯಿಂದ ಬಂದವರು ಚರ್ಚೆಗೆ ತೆಗೆದುಕೊಳ್ಳಲಿ. ಮಧ್ಯಾಹ್ನದ ಗೋಷ್ಠಿಯಲ್ಲಿ ಏಜೆನ್ಸಿಗಳವರು ಮಾತನಾಡುವಾಗ ಈ ಪ್ರಶ್ನೆಗೂ ಉತ್ತರ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ: ರಾತ್ರಿ ಎರಡು ಗಂಟೆಗೂ ನಾಲ್ಕು ಗಂಟೆಗೂ ರೋಗಿಯ ಮಗ್ಗುಲು ಬದಲಿಸಿದವಳಿಗೆ ಬೆಳಿಗ್ಗೆ ವಿಶ್ರಾಂತಿ ಕೊಟ್ಟು ಆ ಮಂಚದ ಬಳಿ ನಿಲ್ಲುವವರು ಯಾರು, ಅವರ ಸಂಬಳ ಕೊಡುವವರು ಯಾರು?