ನಾಯಿಗೊಂದು ಕಲ್ಲು, ಕಲ್ಲಿಗೊಂದು ಊರು
(ಶಾಲಾ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಪ್ರವಾಸಕ್ಕೆ ಬಂದ ಮಕ್ಕಳು ವಸ್ತುಸಂಗ್ರಹಾಲಯ ನೋಡುವ ರೀತಿ ನಿಮಗೆ ಗೊತ್ತೇ ಇದೆ. ಸಾಲಾಗಿ ಒಳಗೆ ಹೋಗುತ್ತಾರೆ, ಸಾಲಾಗಿ ಹೊರಗೆ ಬರುತ್ತಾರೆ. ಏನು ಕಂಡಿರಿ ಎಂದು ಬಸ್ಸಿನಲ್ಲಿ ಕೇಳಿದರೆ ಕತ್ತಿ, ನಾಣ್ಯ, ವಿಗ್ರಹ ಎನ್ನುತ್ತಾರೆ. ತಪ್ಪು ಮಕ್ಕಳದಲ್ಲ. ನೂರಾರು ವಸ್ತುಗಳ ಮುಂದೆ ಅರೆಗಳಿಗೆ ನಿಂತರೆ ಯಾರಿಗಾದರೂ ದಕ್ಕುವುದು ಅಷ್ಟೇ. ಒಂದೇ ಒಂದು ವಸ್ತುವನ್ನು ಆರಿಸಿಕೊಂಡು ಹೋಗಿ ಎಂಬುದು ನನ್ನ ಸಲಹೆ. ನನ್ನ ಆಯ್ಕೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಆತಕೂರು ಶಾಸನ.

ಮೊದಲು ಆ ಸಂಸ್ಥೆಯ ಬಗ್ಗೆ ಎರಡು ಮಾತು. ಅದು ಹುಟ್ಟಿದ್ದು 1865ರಲ್ಲಿ. ಮೈಸೂರಿನ ಚೀಫ್ ಕಮಿಷನರ್ ಆಗಿದ್ದ ಬೌರಿಂಗ್ ಬೆಂಬಲ ಕೊಟ್ಟರು, ಎಡ್ವರ್ಡ್ ಬಾಲ್ಫರ್ ಎಂಬ ವೈದ್ಯರು ದಾರಿ ತೋರಿಸಿದರು. ಈ ಬಾಲ್ಫರ್ 1851ರಲ್ಲಿ ಮದರಾಸಿನ ವಸ್ತುಸಂಗ್ರಹಾಲಯವನ್ನು ಕಟ್ಟಿದವರು. ಜನರನ್ನು ಸೆಳೆಯಲು ಅಲ್ಲಿ ಜೀವಂತ ಪ್ರಾಣಿಗಳನ್ನೂ ಇಟ್ಟಿದ್ದರು. 1855ರ ಮದರಾಸು ಮೃಗಾಲಯ ಬೆಳೆದದ್ದು ಅದರಿಂದಲೇ. ಬೆಂಗಳೂರಿನ ಸಂಗ್ರಹಾಲಯವನ್ನು ಜನ ‘ತಮಾಷೆ ಬಂಗ್ಲೆ’ ಎನ್ನುತ್ತಿದ್ದರಂತೆ. ನನಗಂತೂ ಈಗಿನ ಹೆಸರಿಗಿಂತ ಅದೇ ಇಷ್ಟ. ಆ ಕಾಲದವರಿಗೆ ಖನಿಜ, ಪ್ರಾಣಿ, ಶಿಲ್ಪ ಒಂದೇ ಸೂರಿನಡಿ ಇರುವುದು ಸಹಜವಾಗಿತ್ತು. ನಾವು ಪಾಲು ಮಾಡಿಕೊಂಡೆವು. ಮೈಸೂರಿನ ಕಾರಂಜಿ ಕೆರೆಯ ದಡದಲ್ಲಿ 1995ರಲ್ಲಿ ತೆರೆದ ಪ್ರಾದೇಶಿಕ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ ನಿಸರ್ಗಕ್ಕೇ ಮೀಸಲು. ಅದರಿಂದ ಅನುಕೂಲವಿದೆ, ಒಪ್ಪೋಣ. ಆದರೆ ಆತಕೂರಿನ ಕಲ್ಲು ಯಾರ ಪಾಲಿಗೆ ಬರಬೇಕು?

ಆ ಕಲ್ಲಿನಲ್ಲಿ ಒಂದು ನಾಯಿಯೂ ಒಂದು ಕಾಡುಹಂದಿಯೂ ಸೆಣಸುತ್ತಿವೆ. ಸುತ್ತ ಹಳಗನ್ನಡದ ಬರಹ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಯುದ್ಧ ಮಾಡಿದ. ಅವನ ಕಡೆಯ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಪಠ್ಯಪುಸ್ತಕಕ್ಕೆ ಬೇಕಾದದ್ದು ಇಷ್ಟೇ. ಕಲ್ಲು ಮುಂದುವರಿಯುತ್ತದೆ. ಬೂತುಗನ ಬಂಟ ಮಣಲೇರ ಆ ಕಾಳಗದಲ್ಲಿ ಶೌರ್ಯ ಮೆರೆದಿದ್ದ. ಮೆಚ್ಚಿದ ದೊರೆ, ಬೇಕಾದ್ದು ಕೇಳಿಕೋ ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು! ಬೆಳತೂರಿನ ಪಡುವಣ ದಿಕ್ಕಿನ ಗುಡ್ಡದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನೆಡಿಸಿದರು. ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣನ್ನೂ ಬಿಟ್ಟರು. ಹಳ್ಳಿಯಿಂದ ಬಂದವರು ಕಂಡುಗದ ಲೆಕ್ಕವನ್ನು ಮಕ್ಕಳಿಗೆ ಹೇಳಿಕೊಡಿ. ಬಿತ್ತುವ ಬೀಜದಿಂದ ಹೊಲವನ್ನು ಅಳೆಯುತ್ತಿದ್ದ ಕಾಲವದು.

ಪ್ರಾಣಿಸಂಗ್ರಹದ ಗಾಜಿನ ಪೆಟ್ಟಿಗೆಯಲ್ಲಿ ಹುಲ್ಲು ತುಂಬಿದ ಹಂದಿ ನಿಂತಿರುತ್ತದೆ. ಅದರ ಶಾಸ್ತ್ರೀಯ ಹೆಸರು, ಆಹಾರ ಫಲಕದಲ್ಲಿರುತ್ತವೆ. ಆದರೆ ಅದು ಹಂದಿಜಾತಿಯ ಪ್ರತಿನಿಧಿ, ಒಂದು ಹಂದಿಯಲ್ಲ. ಕಲ್ಲಿನ ಹಂದಿಗೆ ಊರಿದೆ, ಗುಡ್ಡವಿದೆ, ದಿಕ್ಕಿದೆ, ಸಂವತ್ಸರವಿದೆ. ಅದನ್ನು ಕೊಂದ ನಾಯಿಗೆ ಹೆಸರೂ ಇದೆ. ಇದಕ್ಕಿಂತ ಖಚಿತವಾದ ನಿಸರ್ಗಚರಿತ್ರೆ ಯಾವುದು?

ಆದರೆ ನನ್ನನ್ನು ಕಾಡುವುದು ಶಾಸನದ ಕೊನೆಯ ಮಾತು. ಆ ಮಣ್ಣನ್ನು ಹಾಳುಮಾಡಿದವನಿಗೆ ನಾಯಿ ಮಾಡಿದ ಪಾಪ ತಟ್ಟುತ್ತದೆ. ಗುಡಿಯನ್ನು ನೋಡಿಕೊಳ್ಳುವ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಅಂದರೆ ಇದನ್ನು ನೋಡುವುದಕ್ಕೆಂದು ನೆಟ್ಟದ್ದಲ್ಲ. ದಿನವೂ ಒಬ್ಬ ಮನುಷ್ಯ ಊಟಕ್ಕೆ ಮುಂಚೆ ಇದರ ಬಳಿಗೆ ಬರಬೇಕಿತ್ತು. ಬೆಂಗಳೂರಿಗೆ ಬಂದದ್ದರಿಂದ ಕಲ್ಲಿಗೆ ಸೂರು, ಕಾವಲು ಸಿಕ್ಕಿತು. ಗುಡಿ, ಕೆರೆ, ಮಣ್ಣು ಇದರ ಜೊತೆ ಬರಲಿಲ್ಲ. ತರುವುದಾದರೂ ಹೇಗೆ?

ಆದ್ದರಿಂದ ಮಕ್ಕಳನ್ನು ಕಲ್ಲಿನ ಮುಂದೆ ಅರ್ಧ ಗಂಟೆ ಕೂರಿಸಿ. ನಾಯಿಯ ಚಿತ್ರ ಬರೆಯಲಿ. ಮಣಲೇರ ಊರನ್ನಾಗಲಿ ಹೊನ್ನನ್ನಾಗಲಿ ಯಾಕೆ ಕೇಳಲಿಲ್ಲ ಎಂದು ಜಗಳವಾಡಲಿ. ಆಮೇಲೆ ಬಸ್ಸು ಮೈಸೂರಿನ ಕಡೆ ಹೊರಟಾಗ ಮದ್ದೂರು ಬರುತ್ತದೆ. ಎಲ್ಲರೂ ವಡೆಗೆ ಇಳಿಯುತ್ತಾರೆ, ನೀವೂ ಇಳಿಯಿರಿ. ಆತಕೂರು ಆ ತಾಲ್ಲೂಕಿನದೇ. ದಾರಿ ಕೇಳಿಕೊಂಡು ಹೋಗಿ ಬನ್ನಿ.