ಪಾಡ್‌ಕಾಸ್ಟ್ ಪಠ್ಯ: ಮೂರು ದಿನ ಬದುಕೋ ಬಿಯರ್, ಐದು ತಲೆಮಾರು ಬದುಕಿದ ಬ್ರೂವರಿ

ಇವತ್ತಿನ ವಿಷಯ ಬಿಯರ್. ತಾಳಿ, ನಗಬೇಡಿ. ಕುಡಿಯೋದರ ಬಗ್ಗೆ ಅಲ್ಲ, ಮಾಡಿ ಮಾರೋದರ ಬಗ್ಗೆ. ನಾನು ಬಿ.ಕಾಂ. ಓದಿದವನು, ಏನು ನೋಡಿದ್ರೂ ಮೊದಲು ಲೆಕ್ಕವೇ ಕಾಣೋದು. ಈ ಲೆಕ್ಕಕ್ಕೂ ನಮ್ಮ ಮನೆಗೂ ಒಂದು ಸಂಬಂಧ ಇದೆ, ಅದನ್ನ ಆಮೇಲೆ ಹೇಳ್ತೀನಿ.

ನಮ್ಮ ಚಿಕ್ಕಮ್ಮನ ಮಗಳು ಇಂಗ್ಲೆಂಡಿನ ಬ್ಯಾನ್‌ಬರಿ ಅನ್ನೋ ಊರಲ್ಲಿದ್ದಾಳೆ. ಹೋದ ವರ್ಷ ಅವಳ ಮನೆಗೆ ಹೋಗಿದ್ದೆ. ಎಲ್ಲರೂ ಲಂಡನ್ ನೋಡು, ಆಕ್ಸ್‌ಫರ್ಡ್ ನೋಡು ಅಂದ್ರು. ಅವಳು ಮಾತ್ರ, 'ನಿನಗೆ ಇಷ್ಟ ಆಗೋದು ಬೇರೆ ಇದೆ ಬಾರೋ' ಅಂತ ಹತ್ತಿರದ ಹುಕ್ ನಾರ್ಟನ್ ಅನ್ನೋ ಹಳ್ಳಿಗೆ ಕರ್ಕೊಂಡು ಹೋದಳು. ಆಕ್ಸ್‌ಫರ್ಡ್‌ಶೈರ್‌ನ ಸಣ್ಣ ಹಳ್ಳಿ. ಕಲ್ಲಿನ ಮನೆಗಳು, ಕಿರಿದಾದ ರಸ್ತೆ, ಆ ರಸ್ತೆಯ ಕೊನೇಲಿ ಹಳ್ಳಿಗೆ ಹೊಂದದೇ ಇರೋ ಹಾಗೆ ಎತ್ತರಕ್ಕೆ ನಿಂತಿರೋ ಒಂದು ಗೋಪುರದಂಥ ಕಟ್ಟಡ. ಅದೇ ಹುಕ್ ನಾರ್ಟನ್ ಬ್ರೂವರಿ.

1849ರಲ್ಲಿ ಜಾನ್ ಹ್ಯಾರಿಸ್ ಅನ್ನೋರು ಅಲ್ಲಿನ ತಮ್ಮ ಜಮೀನಲ್ಲಿ ಶುರು ಮಾಡಿದ್ದು. ಇವತ್ತಿಗೂ ಅದೇ ವಂಶದವರ ಕೈಯಲ್ಲೇ ಇದೆ, ಐದು ತಲೆಮಾರು ಆಯ್ತು. ಈಗಿರೋ ಕಟ್ಟಡ 1900ರದ್ದು, ವಿಲಿಯಂ ಬ್ರ್ಯಾಡ್‌ಫರ್ಡ್ ಅನ್ನೋ ವಾಸ್ತುಶಿಲ್ಪಿ ಕಟ್ಟಿದ್ದು. ಬ್ರೂವರಿಗಳನ್ನ ಕಟ್ಟೋದೇ ಅವರ ಕಸುಬು. ಅಷ್ಟು ಎತ್ತರ ಯಾಕೆ ಗೊತ್ತಾ? ನೀರು ಮತ್ತು ಧಾನ್ಯ ಎರಡನ್ನೂ ಒಂದೇ ಸಲ ಮೇಲಕ್ಕೆ ಏರಿಸಿಬಿಟ್ರೆ ಸಾಕು. ಅಲ್ಲಿಂದ ಕೆಳಕ್ಕೆ ಒಂದೊಂದು ಅಂತಸ್ತಲ್ಲಿ ಒಂದೊಂದು ಕೆಲಸ. ನೆನೆಸೋದು, ಕುದಿಸೋದು, ಆರಿಸೋದು, ಹುದುಗಿಸೋದು. ಬಹುಪಾಲು ತಾನಾಗೇ ಕೆಳಗಿಳಿಯುತ್ತೆ. ಆ ಮೇಲೇರಿಸೋ ಕೆಲಸಕ್ಕೆ 1899ರ ಒಂದು ಉಗಿ ಯಂತ್ರ ಇಟ್ಟಿದ್ದರು. 2006ರವರೆಗೂ ಅದು ಕೆಲಸ ಮಾಡ್ತಿತ್ತು. ಮ್ಯೂಸಿಯಂ ಸಾಮಾನಾಗಿ ಅಲ್ಲ, ನಿಜವಾಗಿ. ಹಳ್ಳಿಯೊಳಗಿನ ಪಬ್‌ಗಳಿಗೆ ಪೀಪಾಯಿ ಸಾಗಿಸೋಕೆ ಶೈರ್ ಜಾತಿಯ ಕುದುರೆಗಳು ಈಗಲೂ ಇವೆ. ನಮ್ಮ ಎತ್ತಿನ ಪಕ್ಕ ನಿಲ್ಲಿಸಿದ್ರೆ ಎತ್ತು ಕರು ಥರ ಕಾಣುತ್ತೆ, ಅಷ್ಟು ದೊಡ್ಡವು.

ಸರಿ, ಏಲ್ ಅಂದ್ರೇನು? ಬಾರ್ಲಿಯನ್ನ ಮೊಳಕೆ ಬರಿಸಿ ಒಣಗಿಸ್ತಾರೆ. ಮೊಳಕೆ ಕಟ್ಟಿ ರಾಗಿ ಮಾಲ್ಟ್ ಮಾಡೋದನ್ನ ಮನೇಲಿ ನೋಡಿರ್ತೀರಲ್ಲ, ಅದೇ ಕೆಲಸ. ಆ ಮಾಲ್ಟನ್ನ ಪುಡಿ ಮಾಡಿ ಬಿಸಿನೀರಲ್ಲಿ ನೆನೆಸಿದ್ರೆ ಸಿಹಿ ಕಷಾಯ ಇಳಿಯುತ್ತೆ. ಕಹಿಗೆ, ಪರಿಮಳಕ್ಕೆ ಹಾಪ್ಸ್ ಹೂವು ಹಾಕಿ ಕುದಿಸಿ, ಆರಿಸಿ, ಯೀಸ್ಟ್ ಬೆರೆಸ್ತಾರೆ. ಲಾಗರ್ ಬಿಯರನ್ನ ತಣ್ಣಗೆ, ನಿಧಾನಕ್ಕೆ ಹುದುಗಿಸ್ತಾರೆ. ಏಲ್ ಅದಕ್ಕಿಂತ ಬೆಚ್ಚಗಿನ ವಾತಾವರಣದಲ್ಲಿ ಬೇಗ ಹುದುಗುತ್ತೆ. ಇಲ್ಲಿವರೆಗೆ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ನಮ್ಮ ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲೂ ಏಲ್ ಸಿಗುತ್ತೆ, ಆದ್ರೆ ತಣ್ಣಗೆ, ಗ್ಯಾಸ್ ತುಂಬಿಕೊಂಡು ಬರುತ್ತೆ.

ಇಂಗ್ಲೆಂಡಿನ ಹಳೇ ಪದ್ಧತಿ ಬೇರೆ ಆಗೋದು ಪೀಪಾಯಿಯಲ್ಲಿ. ಅಲ್ಲಿ ಏಲನ್ನ ಪಾಶ್ಚರೀಕರಿಸಲ್ಲ, ಯೀಸ್ಟನ್ನ ಸೋಸಿ ತೆಗೆಯಲ್ಲ. ಯೀಸ್ಟ್ ಜೀವಂತವಾಗಿ ಇರುವಾಗಲೇ ಪೀಪಾಯಿಗೆ ತುಂಬಿ ಪಬ್‌ಗೆ ಕಳಿಸಿಬಿಡ್ತಾರೆ. ಬಿಯರ್ ತಯಾರಾಗೋದು ಮುಗಿಯೋದೇ ಪಬ್‌ನ ನೆಲಮಾಳಿಗೆಯಲ್ಲಿ. ಅಲ್ಲಿ 11ರಿಂದ 13 ಡಿಗ್ರಿ ಚಳಿ. 'ಇಂಗ್ಲಿಷರು ಬಿಸಿ ಬಿಯರ್ ಕುಡೀತಾರೆ' ಅಂತ ತಮಾಷೆ ಮಾಡ್ತಾರಲ್ಲ, ಅದು ಬಿಸಿ ಅಲ್ಲ, ಮಡಕೆ ನೀರಿನಷ್ಟು ತಂಪು. ಪಬ್‌ನವರು ಪೀಪಾಯಿಯ ಮೇಲಿನ ತೂತಿಗೆ ಮರದ ಸಣ್ಣ ಬೆಣೆ ಹೊಡೆದು, ಒಳಗಿನ ಗ್ಯಾಸ್ ಎಷ್ಟು ಹೊರಗೆ ಹೋಗಬೇಕು ಅಂತ ನೋಡ್ಕೋತಾರೆ. ಮಡ್ಡಿ ತಳಕ್ಕೆ ಕೂತ ಮೇಲೆ ಕೌಂಟರಿನ ಮೇಲಿರೋ ಕೈಪಂಪಿಂದ ಎಳೆದು ಗ್ಲಾಸಿಗೆ ಸುರೀತಾರೆ. ಸಸ್ಯಾಹಾರಿಗಳಿಗೆ ಒಂದು ಕಿವಿಮಾತು: ಮಡ್ಡಿ ಬೇಗ ಕೂರಲಿ ಅಂತ ಹಾಕೋದು ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಅನ್ನೋ ವಸ್ತು. ಈಗ ಕೆಲವರು ಅದನ್ನ ಬಿಟ್ಟಿದ್ದಾರೆ, ಕೇಳಿ ನೋಡೋದು ಒಳ್ಳೇದು.

ಕಷ್ಟ ಶುರುವಾಗೋದು ಇಲ್ಲಿಂದ. ಕೈಪಂಪಿಂದ ಒಂದೊಂದು ಗ್ಲಾಸ್ ಎಳೆದಂಗೂ ಪೀಪಾಯಿಯೊಳಗೆ ಅಷ್ಟು ಗಾಳಿ ಹೋಗುತ್ತೆ. ಗಾಳಿ ತಗುಲಿದ ಮೇಲೆ ಏಲ್‌ಗೆ ಉಳಿಯೋದು ಮೂರು ದಿನ. ಆಮೇಲೆ ರುಚಿ ಸಪ್ಪೆ, ಇನ್ನೂ ಬಿಟ್ಟರೆ ಹುಳಿ. ಬೆಳಿಗ್ಗೆ ಇಳಿಸಿದ ಕಳ್ಳು ಸಂಜೆಗೆ ಏನಾಗುತ್ತೆ ಅಂತ ಹಳ್ಳಿ ಕಡೆಯವರಿಗೆ ಹೇಳಬೇಕಿಲ್ಲ. ಕೆಗ್ ಬಿಯರಿಗೆ ಈ ತಾಪತ್ರಯ ಇಲ್ಲ. ಯೀಸ್ಟ್ ಸೋಸಿ, ಗ್ಯಾಸ್ ಒತ್ತಡದಲ್ಲಿ ಇಟ್ಟಿರ್ತಾರೆ, ವಾರಗಟ್ಟಲೆ ಇರುತ್ತೆ.

ನಾನು ಪಬ್‌ನಲ್ಲಿ ಕೂತು ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ಸಾಮಾನ್ಯ ಪೀಪಾಯಿಗೆ ಫರ್ಕಿನ್ ಅಂತಾರೆ. 9 ಗ್ಯಾಲನ್, ಅಂದ್ರೆ 72 ಪಿಂಟ್. ಒಂದು ಪಿಂಟ್ ನಮ್ಮ ಲೆಕ್ಕದಲ್ಲಿ 568 ಎಂ.ಎಲ್. ಮೂರು ದಿನಕ್ಕೆ ಭಾಗಿಸಿದ್ರೆ ದಿನಕ್ಕೆ 24. ಒಂದೇ ಏಲ್ ಇಟ್ರೆ ಈ ಕಥೆ. ಕೌಂಟರಲ್ಲಿ ನಾಲ್ಕು ಪಂಪ್ ಇದ್ರೆ ದಿನಕ್ಕೆ 96 ಪಿಂಟ್ ಖರ್ಚಾಗಬೇಕು, ಮಂಗಳವಾರ ಮಳೆ ಬಂದ್ರೂ. ಅದಕ್ಕೇ ತುಂಬಾ ಪಂಪ್ ಇರೋ ಪಬ್ ಅಂದ್ರೆ ಒಳ್ಳೇ ಪಬ್ ಅನ್ಕೋಬೇಡಿ. ಜನ ಕಮ್ಮಿ, ಪಂಪ್ ಜಾಸ್ತಿ ಅಂದ್ರೆ ನಿಮಗೆ ಸಿಗೋದು ನಾಲ್ಕನೇ ದಿನದ್ದು.

1960ರ ದಶಕದಲ್ಲಿ ದೊಡ್ಡ ಕಂಪನಿಗಳು ಇದೇ ಲೆಕ್ಕ ಹಾಕಿ ಪೀಪಾಯಿ ಬಿಟ್ಟು ಕೆಗ್ ಹಿಡಿದವು. ಹಳೇ ಏಲ್ ಹೋಗೇಬಿಡುತ್ತೆ ಅನ್ನೋ ಹೊತ್ತಿಗೆ, 1971ರಲ್ಲಿ ನಾಲ್ಕು ಜನ ಸೇರಿ ಕಾಮ್ರಾ ಅನ್ನೋ ಗ್ರಾಹಕರ ಸಂಘ ಕಟ್ಟಿದರು. ಅವರೇ ಇದಕ್ಕೆ 'ರಿಯಲ್ ಏಲ್' ಅನ್ನೋ ಹೆಸರನ್ನ ಜನರ ಬಾಯಿಗೆ ತಂದಿದ್ದು. ಏಲ್ ಉಳೀತು. ಆದ್ರೆ ಹಳೇ ಬ್ರೂವರಿಗಳು ಆಮೇಲೂ ಹೋದವು. ಹೆನ್ಲಿ ಊರಲ್ಲಿ ಬ್ರೇಕ್‌ಸ್ಪಿಯರ್‌ನವರು 2002ರಲ್ಲಿ ಬ್ರೂವರಿ ಮುಚ್ಚಿದರು, ಈಗ ಅಲ್ಲಿ ಹೋಟೆಲ್. ಲಂಡನ್ನಿನ ವಾಂಡ್ಸ್‌ವರ್ತ್‌ನಲ್ಲಿ ಯಂಗ್ಸ್‌ನವರು 2006ರಲ್ಲಿ ಮುಚ್ಚಿದರು, ಆ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿವೆ. 2019ರಲ್ಲಿ ಫುಲ್ಲರ್ಸ್ ತನ್ನ ಬಿಯರ್ ವ್ಯವಹಾರವನ್ನ ಜಪಾನಿನ ಅಸಾಹಿಗೆ 25 ಕೋಟಿ ಪೌಂಡಿಗೆ ಮಾರಿತು. ಒಂದು ವಿಷಯ ಗಮನಿಸಿ. ಮೂವರೂ ಪಬ್‌ಗಳನ್ನ ಇಟ್ಕೊಂಡ್ರು, ಬಿಟ್ಟಿದ್ದು ಬಿಯರ್ ಮಾಡೋದನ್ನ. ಪಬ್ ಅಂದ್ರೆ ಆಸ್ತಿ, ಅದರ ಬೆಲೆ ಏರುತ್ತೆ. ಬ್ರೂವರಿ ಅಂದ್ರೆ ಊರ ಮಧ್ಯೆ ದುಬಾರಿ ಜಾಗ ಹಿಡ್ಕೊಂಡು ಕೂತಿರೋ ಹಳೇ ಕಾರ್ಖಾನೆ. ಎಂಥಾ ಅಕೌಂಟೆಂಟ್ ಆದ್ರೂ ಅದನ್ನೇ ಹೇಳ್ತಾನೆ.

ನಾನೂ ಹೇಳಿದ್ದೆ. ಹಾಸನದಲ್ಲಿ ನಮ್ಮಪ್ಪನ ಬೇಕರಿ ಇತ್ತು, ತಾತ ಶುರು ಮಾಡಿದ್ದು. ಬೆಳಗಿನ ಜಾವ ಮೂರೂವರೆಗೆ ಒಲೆ ಹಚ್ಚಿದ್ರೆ ಆರಕ್ಕೆ ಬ್ರೆಡ್, ಬನ್ನು, ದಿಲ್‌ಪಸಂದ್. ಡಿಗ್ರಿ ಮುಗಿಸಿದ ವರ್ಷ ಒಂದು ಎಕ್ಸೆಲ್ ಶೀಟ್ ಮಾಡಿ ತೋರಿಸಿದೆ. 'ಅಪ್ಪ, ನೀವು ದಿನಾ ಹದಿನಾಲ್ಕು ಗಂಟೆ ದುಡಿದು ತೆಗೆಯೋದಕ್ಕಿಂತ ಅಂಗಡಿ ಬಾಡಿಗೆಗೆ ಕೊಟ್ರೆ ಜಾಸ್ತಿ ಬರುತ್ತೆ' ಅಂದೆ. ಅಪ್ಪ ಕನ್ನಡಕ ಹಾಕ್ಕೊಂಡು ಸುಮಾರು ಹೊತ್ತು ನೋಡಿದ್ರು. 'ನನ್ನ ಕೂಲಿ ಎಷ್ಟು ಹಾಕಿದೀಯೋ?' ಅಂತ ಕೇಳಿದ್ರು. ಹಾಕಿರಲಿಲ್ಲ. ಅದನ್ನೂ ಹಾಕಿದ ಮೇಲೆ ಬೇಕರಿ ನಷ್ಟದಲ್ಲಿದೆ ಅಂತ ಬಂತು. ಆರು ತಿಂಗಳಲ್ಲಿ ಅಲ್ಲಿ ಮೊಬೈಲ್ ಶೋರೂಮ್ ಬಂತು. ಬಾಡಿಗೆ ತಿಂಗಳು ತಿಂಗಳು ಸರಿಯಾಗಿ ಬರ್ತಿದೆ. ನನ್ನ ಲೆಕ್ಕದಲ್ಲಿ ತಪ್ಪಿರಲಿಲ್ಲ, ಈಗಲೂ ಇಲ್ಲ. ಆದ್ರೆ ಅಪ್ಪ ಈಗಲೂ ಮೂರೂವರೆಗೇ ಏಳ್ತಾರೆ. ಎದ್ದು ಟಿವಿ ಸೌಂಡ್ ಕಮ್ಮಿ ಮಾಡ್ಕೊಂಡು ಕೂತಿರ್ತಾರೆ.

ಹಾಗಾಗಿ ಹುಕ್ ನಾರ್ಟನ್‌ನಲ್ಲಿ ನನಗೆ ಬೇಕಿದ್ದ ಉತ್ತರ ಒಂದೇ. ಇವರು ಯಾಕೆ ಮುಚ್ಚಲಿಲ್ಲ? ಪ್ರೀತಿ, ಪರಂಪರೆ ಅಂದ್ರೆ ನಾನು ಒಪ್ಪಲ್ಲ, ಅದು ನಮ್ಮಪ್ಪನಿಗೂ ಇತ್ತು. ನೋಡಿದ್ರೆ ಕಾರಣ ಪುಸ್ತಕದಲ್ಲೇ ಇದೆ. ಒಂದು, ಕಂಪನಿ ಷೇರು ಮಾರುಕಟ್ಟೆಯಲ್ಲಿಲ್ಲ. ಆ ಮೂವರೂ ಷೇರು ಮಾರುಕಟ್ಟೆಗೆ ಹೋಗಿದ್ದವರು. ಜಾಗ ಮಾರಿದ್ರೆ ಎಷ್ಟು ಬರುತ್ತೆ ಅಂತ ಪ್ರತಿ ವರ್ಷ ಕೇಳೋ ಷೇರುದಾರರು ಇವರಿಗೆ ಇಲ್ಲ. ಇನ್ನೊಂದು, ಸುತ್ತಮುತ್ತ ಹತ್ತಾರು ಪಬ್ ಇವರದ್ದೇ. ಮೂರು ದಿನದಲ್ಲಿ ಖಾಲಿಯಾಗಬೇಕಾದ ಮಾಲಿಗೆ ಹತ್ತಿರದಲ್ಲೇ ತಮ್ಮದೇ ಕೌಂಟರ್ ಇದೆ. ಬ್ರೂವರಿ ಬೇರೆ, ಪಬ್ ಬೇರೆ ಅಂತ ಎರಡು ಶೀಟ್ ಮಾಡಿದ್ರೆ ಬ್ರೂವರಿ ಸೋಲಬಹುದು. ಇವರು ಒಂದೇ ಶೀಟಲ್ಲಿ ಇಟ್ಟಿದ್ದಾರೆ. ಮೇಲಾಗಿ ಇದು ಹಳ್ಳಿ, ವಾಂಡ್ಸ್‌ವರ್ತ್ ಅಲ್ಲ. ಅಪಾರ್ಟ್‌ಮೆಂಟ್ ಕಟ್ಟೋರು ಬಾಗಿಲು ತಟ್ಟೋದು ಕಮ್ಮಿ. ಸರ್ಕಾರವೂ ಸ್ವಲ್ಪ ಕೈ ಹಿಡಿದಿದೆ. ಸಣ್ಣ ಬ್ರೂವರಿಗಳಿಗೆ 2002ರಿಂದ ಸುಂಕದಲ್ಲಿ ರಿಯಾಯಿತಿ ಬಂತು. 2023ರ ಆಗಸ್ಟ್‌ನಿಂದ, ಪಬ್‌ನಲ್ಲಿ ಪೀಪಾಯಿಯಿಂದ ಸುರಿಯೋ ಬಿಯರಿಗೆ ಬಾಟಲಿಗಿಂತ ಕಡಿಮೆ ಸುಂಕ.

ನಮ್ಮ ಬೇಕರಿಗೆ ಸ್ವಂತ ಅಂಗಡಿ ಒಂದೇ ಇತ್ತು. ಉಳಿದ ಮಾಲು ಹೋಗ್ತಿದ್ದಿದ್ದು ಬೇರೆಯವರ ಅಂಗಡಿಗೆ, ವಾರದ ಬ್ರೆಡ್ ಪ್ಯಾಕೆಟ್ ಬಂದ ಮೇಲೆ ಅವರು ನಮ್ಮದನ್ನ ಬಿಟ್ಟರು. ಇದು ನನ್ನ ಶೀಟಲ್ಲಿ 'ಮಾರಾಟ ಕುಸಿತ' ಅನ್ನೋ ಒಂದು ಸಾಲಾಗಿತ್ತು ಅಷ್ಟೇ. ಇನ್ನೆರಡು ಕೌಂಟರ್ ಹಾಕಿದ್ರೆ ಏನಾಗಬಹುದು ಅಂತ ಒಂದು ಕಾಲಂ ಸೇರಿಸಿ ನೋಡಬಹುದಿತ್ತು. ನೋಡಲಿಲ್ಲ.

ಊರಿಗೆ ಬಂದ ಮೇಲೆ ಅಪ್ಪನಿಗೆ ಫೋಟೋ ತೋರಿಸ್ತಾ ಇದನ್ನೆಲ್ಲ ಹೇಳಿದೆ. ಅವರು ಜೀವನದಲ್ಲಿ ಬಿಯರ್ ಮುಟ್ಟಿದವರಲ್ಲ. ಯೀಸ್ಟ್ ವಿಷಯ ಬಂದಾಗ ಮಾತ್ರ ಫೋನ್ ಕೈಗೆ ತಗೊಂಡು ಹುದುಗೋ ತೊಟ್ಟಿಯ ಫೋಟೋ ದೊಡ್ಡದು ಮಾಡಿ ನೋಡಿದ್ರು. ನೊರೆ ಚೆನ್ನಾಗಿ ಎದ್ದಿದೆ ಅಂದ್ರು. ಆಮೇಲೆ ಕೇಳಿದ್ರು, 'ಮೂರು ದಿನ ಆದ್ಮೇಲೆ ಮಿಕ್ಕಿದ್ದನ್ನ ಏನ್ ಮಾಡ್ತಾರೋ?'

'ಚೆಲ್ತಾರೆ ಅಪ್ಪ, ಇನ್ನೇನ್ ಮಾಡ್ತಾರೆ?'

'ಅಯ್ಯೋ,' ಅಂದ್ರು. 'ನಮ್ದೇ ವಾಸಿ ಕಣೋ. ನಾವು ರಸ್ಕ್ ಮಾಡ್ತಿದ್ವಿ.'

ಇವತ್ತಿಗೆ ಇಷ್ಟು. ನಿಮ್ಮ ಮನೇಲೂ ಮುಚ್ಚಿದ ಅಂಗಡಿ ಒಂದಿದ್ರೆ, ಅದರ ಹಳೇ ಲೆಕ್ಕದ ಪುಸ್ತಕ ಇನ್ನೂ ಇದ್ರೆ, ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಸಿಗೋಣ.