ನೀವೇ ಮಾಡಿದ ‘ರ’

ಗಣಿತದ ಚೌಕುಳಿ ನೋಟ್‌ಬುಕ್ಕಿನಲ್ಲಿ ಅಡ್ಡಕ್ಕೆ 16, ಉದ್ದಕ್ಕೆ 16 ಮನೆಗಳನ್ನು ಗುರುತು ಮಾಡಿಕೊಳ್ಳಿ. ಅದರೊಳಗೆ ‘ರ’ ಬರೆಯಬೇಕು. ಆದರೆ ಗೆರೆ ಎಳೆಯುವ ಹಾಗಿಲ್ಲ. ಒಂದೊಂದು ಮನೆಯನ್ನು ಪೂರ್ತಿ ಕಪ್ಪು ಮಾಡಬಹುದು, ಇಲ್ಲವೇ ಹಾಗೇ ಬಿಡಬಹುದು, ಅಷ್ಟೇ. ಕೆಳಗೊಂದು ಗುಂಡು, ಮೇಲೊಂದು ತಲೆಕಟ್ಟು. ಮುಗಿದ ಮೇಲೆ ಪುಸ್ತಕವನ್ನು ಗೋಡೆಗೆ ಒರಗಿಸಿ, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಮನೆಗಳು ಕಾಣುವುದಿಲ್ಲ, ‘ರ’ ಕಾಣುತ್ತದೆ.

1984ರಲ್ಲಿ ಬಂದ ಮ್ಯಾಕಿಂಟಾಷ್ ಕಂಪ್ಯೂಟರಿನ ಪುಟ್ಟ ಪುಟ್ಟ ಚಿತ್ರಗಳನ್ನು ಸುಸಾನ್ ಕೇರ್ ಎಂಬ ಕಲಾವಿದೆ ಮೊದಲು ಹೀಗೆಯೇ ಚೌಕುಳಿ ಕಾಗದದ ಮೇಲೆ ಮನೆ ತುಂಬಿ ತುಂಬಿ ಮಾಡಿದರು. ಒಂದು ಚಿತ್ರಕ್ಕೆ ಅಡ್ಡ 32, ಉದ್ದ 32 ಮನೆ. ಅಷ್ಟರಲ್ಲೇ ನಗುವ ಮುಖವೂ ಬಂತು, ಕಸದ ಬುಟ್ಟಿಯೂ ಬಂತು.

ಈ ವಿಧಾನದಲ್ಲಿ ಒಂದು ತೊಡಕಿದೆ. ನಿಮ್ಮ ‘ರ’ವನ್ನು ಅಂಗಡಿಯ ಬೋರ್ಡಿನಷ್ಟು ದೊಡ್ಡದು ಮಾಡಿದರೆ ಮನೆಗಳೂ ದೊಡ್ಡದಾಗುತ್ತವೆ. ಗುಂಡಗಿದ್ದ ಅಂಚು ಮೆಟ್ಟಿಲು ಮೆಟ್ಟಿಲಾಗುತ್ತದೆ. ಕನ್ನಡದ ಅಕ್ಷರಗಳಲ್ಲಿ ನೇರ ಗೆರೆ ಹುಡುಕಿದರೂ ಸಿಗುವುದು ಕಷ್ಟ. ಎಲ್ಲ ಬಳುಕು, ಎಲ್ಲ ಗುಂಡು. ಹಾಗಾದರೆ ಬಳುಕನ್ನು ಕಂಪ್ಯೂಟರಿಗೆ ಹೇಳಿಕೊಡುವುದು ಹೇಗೆ?

ಮೂರು ಚುಕ್ಕಿ ಸಾಕು. ಪೆನ್ಸಿಲು, ಅಳತೆಪಟ್ಟಿ ತೆಗೆದುಕೊಳ್ಳಿ. ಹಾಳೆಯ ಎಡಗಡೆ ಕೆಳಗೆ ‘ಕ’, ಮೇಲೆ ನಡುವೆ ‘ಚ’, ಬಲಗಡೆ ಕೆಳಗೆ ‘ಟ’ ಎಂದು ಮೂರು ಚುಕ್ಕಿ ಇಡಿ. ಕ-ಚ ಸೇರಿಸಿ, ಚ-ಟ ಸೇರಿಸಿ. ಗುಡಿಸಲಿನ ಮಾಡಿನ ಆಕಾರ ಬಂತು. ಎರಡೂ ಗೆರೆಗಳ ನಟ್ಟನಡು ಹುಡುಕಿ, ಆ ಎರಡು ನಡುಗಳನ್ನು ಇನ್ನೊಂದು ಗೆರೆಯಿಂದ ಸೇರಿಸಿ. ಈ ಹೊಸ ಗೆರೆಯ ನಟ್ಟನಡುವೆ ಒಂದು ಚುಕ್ಕಿ ಒತ್ತಿ. ಇನ್ನು ಅದೇ ಕೆಲಸವನ್ನು ಅರ್ಧದ ಬದಲು ಕಾಲು ಭಾಗದಲ್ಲಿ ಮಾಡಿ: ಕ-ಯಿಂದ ಚ ಕಡೆಗೆ ಕಾಲು ದಾರಿ, ಚ-ಯಿಂದ ಟ ಕಡೆಗೆ ಕಾಲು ದಾರಿ, ಅವೆರಡನ್ನು ಸೇರಿಸಿದ ಗೆರೆಯಲ್ಲೂ ಕಾಲು ದಾರಿ. ಅಲ್ಲೊಂದು ಚುಕ್ಕಿ. ಮುಕ್ಕಾಲಿನಲ್ಲೂ ಹಾಗೆಯೇ. ಈಗ ‘ಕ’ದಿಂದ ಹೊರಟು ಮೂರು ಹೊಸ ಚುಕ್ಕಿಗಳ ಮೇಲೆ ಹಾದು ‘ಟ’ ಮುಟ್ಟಿ. ಮೆಟ್ಟಿಲಿಲ್ಲದ ಕಮಾನು!

‘ಚ’ವನ್ನು ಕಮಾನು ಮುಟ್ಟಲೇ ಇಲ್ಲ, ಗಮನಿಸಿದಿರಾ? ಆದರೂ ಕಮಾನನ್ನು ತನ್ನತ್ತ ಎಳೆದುಕೊಂಡದ್ದು ‘ಚ’ವೇ. ಅದನ್ನು ಮೇಲೆ ಸರಿಸಿದರೆ ಕಮಾನು ಏಳುತ್ತದೆ, ಪಕ್ಕಕ್ಕೆ ಸರಿಸಿದರೆ ವಾಲುತ್ತದೆ. ಇದನ್ನು ಕಂಡುಕೊಂಡವರು ಅಕ್ಷರ ಬರೆಯುವವರಲ್ಲ, ಫ್ರಾನ್ಸಿನ ಕಾರು ಕಂಪನಿಗಳಲ್ಲಿದ್ದ ಇಬ್ಬರು: ಸಿಟ್ರೊಯೆನ್‌ನ ಪಾಲ್ ದ ಕಾಸ್ಟೆಲ್ಜೊ ಮತ್ತು ರೆನೋದ ಪಿಯರ್ ಬೆಝಿಯೆ. ಕಾರಿನ ಮೈಯ ಬಳುಕನ್ನು ಲೆಕ್ಕಕ್ಕೆ ತರುವುದು ಅವರ ಕೆಲಸವಾಗಿತ್ತು. ಆ ಲೆಕ್ಕವೇ ಮುಂದೆ ಫಾಂಟಿಗೂ ಬಂತು. ಕಂಪ್ಯೂಟರು ‘ರ’ದ ಚಿತ್ರವನ್ನು ಇಟ್ಟುಕೊಳ್ಳುವುದಿಲ್ಲ, ಚುಕ್ಕಿಗಳ ಜಾಗವನ್ನಷ್ಟೇ ನೆನಪಿಡುತ್ತದೆ. ಕೇಳಿದ ಅಳತೆಗೆ ಕಮಾನನ್ನು ಪ್ರತಿ ಸಲ ಹೊಸದಾಗಿ ಎಳೆಯುತ್ತದೆ.

ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ನೀವೂ ಇದನ್ನು ಮಾಡಬಹುದು. ಚುಕ್ಕಿ ಇಟ್ಟು ಇಲಿಯಿಂದ ಎಳೆದಾಡುತ್ತಿದ್ದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ‘ರ’ ಮಾಡುವಾಗ ಒಂದು ಎಚ್ಚರ ಬೇಕು. ಅದರ ಗುಂಡಿಗೆ ಬಳೆಯ ಹಾಗೆ ಎರಡು ಅಂಚು, ಹೊರಗಿನದು ಮತ್ತು ಒಳಗಿನದು. ಹೊರಗಿನದನ್ನು ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಒಳಗಿನದನ್ನು ಎದುರು ದಿಕ್ಕಿಗೆ ಸುತ್ತಬೇಕು. ಎರಡೂ ಒಂದೇ ದಿಕ್ಕಿಗೆ ಸುತ್ತಿದರೆ ನಡುವಿನ ಕಿಂಡಿ ಮುಚ್ಚಿಹೋಗಿ ಕಪ್ಪು ಉಂಡೆ ಉಳಿಯುತ್ತದೆ. ‘ರ’ ಸರಿಯಾಗಿ ಕೂತರೆ ಹೊಟ್ಟೆಯೊಳಗೆ ಒಂದು ಚುಕ್ಕಿ ಇಡಿ, ‘ಠ’ ಸಿದ್ಧ. ‘ದ’ ಮಾಡಿ ಕೆಳಗೊಂದು ಸೀಳು ಕೊಟ್ಟರೆ ‘ಧ’. ಒಮ್ಮೆ ಮಾಡಿದ ತಲೆಕಟ್ಟನ್ನು ಗ, ತ, ನ, ಸ ಎಲ್ಲಕ್ಕೂ ತೊಡಿಸಬಹುದು. ನಮ್ಮ ಅಕ್ಷರಗಳು ಒಂದಕ್ಕೊಂದು ಎಷ್ಟು ನೆಂಟರು ಎಂಬುದು ಓದುವಾಗ ಅಲ್ಲ, ಹೀಗೆ ಕೈಯಾರೆ ಮಾಡುವಾಗಲೇ ಗೊತ್ತಾಗುವುದು.

ಆಕಾರವೇನೋ ಆಯಿತು. ಆದರೆ ಕಂಪ್ಯೂಟರಿಗೆ ‘ರ’ ಎಂದರೆ ಆಕಾರವಲ್ಲ, ಒಂದು ಸಂಖ್ಯೆ: 3248. ಇದು ಯುನಿಕೋಡ್ ಎಂಬ ಜಗತ್ತಿನ ಒಪ್ಪಂದ. ‘ಕ’ಕ್ಕೆ 3221. ‘ಅಕ್ಕ’ ಎಂದು ಬರೆದರೆ ಒಳಗೆ ಕೂರುವುದು 3205, 3221, 3277, 3221 ಎಂಬ ನಾಲ್ಕು ಸಂಖ್ಯೆಗಳು. 3277 ಎಂದರೆ ಅರ್ಧಾಕ್ಷರದ ಗುರುತು. ಕೊನೆಯ ‘ಕ’ವನ್ನು ಪುಟ್ಟದು ಮಾಡಿ ಕೆಳಗೆ ಒತ್ತಾಗಿ ಕೂರಿಸಬೇಕು ಎಂಬ ನಿಯಮ ಫಾಂಟಿನೊಳಗೆ ಇರುತ್ತದೆ. ಆ ನಿಯಮವನ್ನೂ ಫಾಂಟ್ ಮಾಡುವವರೇ ಬರೆಯಬೇಕು.

ಆಕಾರವಿದ್ದೂ ಸಂಖ್ಯೆ ಇಲ್ಲದಿದ್ದರೆ ಏನಾಗುತ್ತದೆ? 2010ರ ಜುಲೈ 15ರಂದು ಡಿ. ಉದಯ ಕುಮಾರ್ ಬರೆದ ರೂಪಾಯಿ ಚಿಹ್ನೆಯನ್ನು ಕೇಂದ್ರ ಸರ್ಕಾರ ಒಪ್ಪಿತು. ಯಾವ ಕಂಪ್ಯೂಟರಿನಲ್ಲೂ ಅದನ್ನು ಟೈಪ್ ಮಾಡುವ ದಾರಿ ಇರಲಿಲ್ಲ. ಕೆಲವೇ ದಿನಗಳಲ್ಲಿ ಮಂಗಳೂರಿನ ಒಂದು ತಂತ್ರಾಂಶ ಕಂಪನಿ ಆ ಚಿಹ್ನೆಯ ಫಾಂಟ್ ಮಾಡಿ ಉಚಿತವಾಗಿ ಹಂಚಿತು. ಕೀಲಿಮಣೆಯಲ್ಲಿ ಟ್ಯಾಬ್‌ನ ಮೇಲಿರುವ, ಹೆಚ್ಚು ಬಳಕೆಯಿಲ್ಲದ ಓರೆ ಗೀಟಿನ ಜಾಗದಲ್ಲಿ ಅದನ್ನು ಕೂರಿಸಿದ್ದರು. ಫಾಂಟ್ ಇದ್ದವರಿಗೆ ರೂಪಾಯಿ ಕಂಡಿತು, ಇಲ್ಲದವರಿಗೆ ಬರೀ ಗೀಟು ಕಂಡಿತು. ಅದೇ ವರ್ಷ ಅಕ್ಟೋಬರಿನಲ್ಲಿ ಯುನಿಕೋಡ್ ಅದಕ್ಕೆ 8377 ಎಂಬ ಸಂಖ್ಯೆ ಕೊಟ್ಟಿತು. ಈಗ ನಿಮ್ಮ ಮನೆಯ ಫೋನಿನಲ್ಲೂ ₹ ಇದೆ. ತುಳು-ತಿಗಳಾರಿ ಲಿಪಿಗೆ ಇಂಥ ಸಂಖ್ಯೆಗಳು ಸಿಕ್ಕಿದ್ದು ತೀರಾ ಈಚೆಗೆ, 2024ರಲ್ಲಿ.

ನಿಮ್ಮದೇ ಹೊಸ ಗುರುತಿಗೂ ಜಾಗವಿದೆ. 57344ರಿಂದ 63743ರವರೆಗೆ 6400 ಸಂಖ್ಯೆಗಳನ್ನು ಯುನಿಕೋಡ್ ಯಾವ ಅಕ್ಷರಕ್ಕೂ ಕೊಡದೆ ಖಾಲಿ ಬಿಟ್ಟಿದೆ. ಯಾರು ಬೇಕಾದರೂ ತಮಗೆ ಬೇಕಾದ ಆಕಾರ ಇಟ್ಟುಕೊಳ್ಳಲಿ ಎಂದು. ಹಿತ್ತಲಿನ ಹಲಸಿನ ಹಣ್ಣಿಗೊಂದು ಗುರುತು ಮಾಡಿ 57344ರಲ್ಲಿ ಇಡಿ. ಗೆಳತಿಗೆ ಬರೆಯುವ ಪತ್ರದಲ್ಲಿ ಅದನ್ನು ಬಳಸಿ. ಪತ್ರದ ಜೊತೆ ಫಾಂಟನ್ನೂ ಕಳಿಸಲು ಮರೆಯಬೇಡಿ. ಇಲ್ಲವಾದರೆ ಅವಳ ಪರದೆಯ ಮೇಲೆ ಹಲಸಿನ ಹಣ್ಣಿನ ಬದಲು ಒಂದು ಖಾಲಿ ಡಬ್ಬಿ ಕೂತಿರುತ್ತದೆ.